ಮುರಿದ ವಿಮಾನಗಳನ್ನು ಹಾರಿಸಿದ ಊರು: ಬೆಂಗಳೂರಿನ ಎಚ್‌ಎಎಲ್ ಕಥೆ

ಮಕ್ಕಳೇ, ರಜೆಗೆ ಬೆಂಗಳೂರಿಗೆ ಹೋದಾಗ ‘ಹಳೇ ಏರ್‌ಪೋರ್ಟ್ ರಸ್ತೆ’ ಎಂಬ ಹೆಸರನ್ನು ಕೇಳಿರುತ್ತೀರಿ. ಆದರೆ ನೀವು ಬಂದಿಳಿಯುವ ವಿಮಾನ ನಿಲ್ದಾಣ ಇರುವುದು ದೇವನಹಳ್ಳಿಯ ಹತ್ತಿರ. ಹಾಗಾದರೆ ಈ ಹಳೇ ಏರ್‌ಪೋರ್ಟ್ ಯಾವುದು? 2008ರ ಮೇ ತಿಂಗಳವರೆಗೆ ಊರಿನ ಪ್ರಯಾಣಿಕರೆಲ್ಲ ವಿಮಾನ ಹತ್ತುತ್ತಿದ್ದ ಎಚ್‌ಎಎಲ್ ವಿಮಾನ ನಿಲ್ದಾಣ ಅದು. ಆದರೆ ಅದು ಹುಟ್ಟಿದ್ದು ಪ್ರಯಾಣಿಕರಿಗಾಗಿ ಅಲ್ಲ, ಪಕ್ಕದ ಕಾರ್ಖಾನೆಗಾಗಿ.

ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ವಾಲ್‌ಚಂದ್ ಹೀರಾಚಂದ್ ಎಂಬ ಉದ್ಯಮಿಗೆ ಭಾರತದಲ್ಲೇ ವಿಮಾನ ಕಟ್ಟಬೇಕೆಂಬ ಹಂಬಲ. 1939ರಲ್ಲಿ ವಿಮಾನ ಪ್ರಯಾಣವೊಂದರಲ್ಲಿ ಅವರಿಗೆ ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದ ಅಮೆರಿಕದ ವಿಲಿಯಂ ಪಾಲಿ ಪರಿಚಯವಾದರು. ಹಂಬಲಕ್ಕೆ ದಾರಿ ಸಿಕ್ಕಿತು. ಇನ್ನು ಜಾಗ ಬೇಕು. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಮೈಸೂರು ಸಂಸ್ಥಾನ ಜಮೀನು ಕೊಟ್ಟು, ಹಣ ಹೂಡಿ, ಜೊತೆಗೂಡಿತು. ಕಾರ್ಖಾನೆಗೆ ಬೇಕಾದ ವಿದ್ಯುತ್ತು ಶಿವನಸಮುದ್ರ ಜಲಪಾತದಿಂದ 1905ರಲ್ಲೇ ಬೆಂಗಳೂರಿಗೆ ಬಂದಿತ್ತು. ತಿಳಿವಳಿಕೆಯ ನೆರವಿಗೆ, ಊರಿನವರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ವಿಜ್ಞಾನ ಸಂಸ್ಥೆಯೂ ಇತ್ತು. 1940ರ ಡಿಸೆಂಬರ್ 23ರಂದು ‘ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಲಿಮಿಟೆಡ್’, ಅಂದರೆ ಎಚ್‌ಎಎಲ್, ಶುರುವಾಯಿತು.

ಮೊದಮೊದಲು ಅಮೆರಿಕದಿಂದ ಬಂದ ಬಿಡಿಭಾಗಗಳನ್ನು ಜೋಡಿಸುವುದೇ ಕೆಲಸ. 1941ರ ಆಗಸ್ಟ್‌ನಲ್ಲಿ ಹಾರ್ಲೋ ಎಂಬ ತರಬೇತಿ ವಿಮಾನ ಸಿದ್ಧವಾಯಿತು. ಮರುವರ್ಷ ಕರ್ಟಿಸ್ ಹಾಕ್ ಯುದ್ಧವಿಮಾನ ಹಾರಿತು. ಅಷ್ಟರಲ್ಲಿ ಜಪಾನಿನ ಸೇನೆ ಭಾರತದ ನೆರೆಯ ಬರ್ಮಾಕ್ಕೆ ಬಂದು, ಯುದ್ಧ ಹತ್ತಿರವಾಗಿತ್ತು. ಹೊಸ ವಿಮಾನ ಕಟ್ಟುತ್ತ ಕೂರುವುದಕ್ಕಿಂತ ಕೆಟ್ಟು ಬಂದದ್ದನ್ನು ಬೇಗ ಸರಿಮಾಡಿ ಕಳಿಸುವುದೇ ಮುಖ್ಯವಾಯಿತು. 1943ರಲ್ಲಿ ಕಾರ್ಖಾನೆ ಅಮೆರಿಕದ ಸೇನೆಯ ಕೈಗೆ ಹೋಗಿ, ದೊಡ್ಡ ರಿಪೇರಿ ಕೇಂದ್ರವಾಯಿತು. ನೀರಿನ ಮೇಲೆ ಇಳಿಯಬಲ್ಲ ಕ್ಯಾಟಲಿನಾ ವಿಮಾನಗಳೂ ಇಲ್ಲಿಗೆ ಬಂದವು. ಅವಕ್ಕೆ ರನ್‌ವೇ ಯಾವುದು ಗೊತ್ತೇ? ಬೆಳ್ಳಂದೂರು ಕೆರೆ!

ಹಳೇ ಸೈಕಲ್ಲನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿದವರಿಗೆ ಅದರ ಒಳಗುಟ್ಟೆಲ್ಲ ತಿಳಿಯುತ್ತದೆ, ಅಲ್ಲವೇ? ಬೆಂಗಳೂರಿನ ಕೆಲಸಗಾರರಿಗೆ ವಿಮಾನದ ವಿದ್ಯೆ ಕೈಗೆ ಹತ್ತಿದ್ದೂ ಹಾಗೆಯೇ.

ಆ ವಿದ್ಯೆಗೆ ಪರೀಕ್ಷೆ ಬಂದದ್ದು ಸ್ವಾತಂತ್ರ್ಯದ ನಂತರ. ಯುದ್ಧ ಮುಗಿದಾಗ ನಾಲ್ಕು ಎಂಜಿನ್ನಿನ ಲಿಬರೇಟರ್ ಬಾಂಬರ್‌ಗಳನ್ನು ಕಾನ್ಪುರದಲ್ಲಿ ಬಿಟ್ಟು ಹೋಗಿದ್ದರು. ಬೇರೆ ಯಾರೂ ಹಾರಿಸದಿರಲೆಂದು ಬೇಕೆಂದೇ ಹಾಳುಗೆಡವಿದ್ದರು. ಎಚ್‌ಎಎಲ್‌ನವರು ಆ ಗುಜರಿಯಲ್ಲೇ ಕೂತು, ಬೆಂಗಳೂರಿನವರೆಗೆ ಹಾರಿದರೆ ಸಾಕು ಎನ್ನುವಷ್ಟು ಸರಿಮಾಡಿದರು. ಪೈಲಟ್ ಜಮ್ಷೆಡ್ ಮುನ್ಷಿ ಅವನ್ನು ಹಾರಿಸಿ ತಂದರು. ಇಲ್ಲಿ ಪೂರ್ತಿ ದುರಸ್ತಿಯಾಯಿತು. ಹೀಗೆ ಸುಮಾರು 40 ವಿಮಾನಗಳು ಎದ್ದು ನಿಂತವು. 1948ರ ಕೊನೆಯಿಂದ ವಾಯುಪಡೆ ಸೇರಿ, 1968ರವರೆಗೆ ದುಡಿದವು.

ಆಮೇಲೆ ಅವುಗಳಲ್ಲಿ ಕೆಲವು ನೀವೀಗ ಇರುವ ಹೊರದೇಶಗಳಿಗೇ ಬಂದವು! ಬೇರೆಡೆ ಹೆಚ್ಚಿನ ಲಿಬರೇಟರ್‌ಗಳನ್ನು ಕರಗಿಸಿಬಿಟ್ಟಿದ್ದರಿಂದ, ಮ್ಯೂಸಿಯಂಗಳು ಭಾರತದ ಕಡೆ ತಿರುಗಿದವು. ಕೆನಡಾ ಒಂದು ಲೈಸಾಂಡರ್ ವಿಮಾನ ಕೊಟ್ಟು ಬದಲಿಗೆ ಲಿಬರೇಟರ್ ಪಡೆಯಿತು. ಅದು ಒಟ್ಟಾವಾದ ಮ್ಯೂಸಿಯಂನಲ್ಲಿದೆ. ಅರಿಜೋನಾದ ಟೂಸಾನ್‌ನಲ್ಲಿರುವ ಪೀಮಾ ಮ್ಯೂಸಿಯಂನ ವಿಮಾನ 1969ರಲ್ಲಿ ಭಾರತದಿಂದ ಹಾರಿಯೇ ಹೋಯಿತು. ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಂಗೆ 1974ರಲ್ಲಿ ಒಂದು ಉಡುಗೊರೆಯಾಗಿ ಹೋಯಿತು.

ಇತ್ತ ಬೆಂಗಳೂರಿನಲ್ಲಿ ಸ್ವಂತ ವಿಮಾನದ ಕನಸು ಬೆಳೆಯಿತು. ವಿ. ಎಂ. ಘಾಟಗೆ ಜರ್ಮನಿಯಲ್ಲಿ ಓದಿ ಬಂದವರು, ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ವೈಮಾನಿಕ ವಿಜ್ಞಾನ ಕಲಿಸಿದ ಮೇಷ್ಟ್ರು. ಅವರ ತಂಡ ಎಚ್‌ಟಿ-2 ಎಂಬ ಇಬ್ಬರು ಕೂರುವ ತರಬೇತಿ ವಿಮಾನ ರೂಪಿಸಿತು. 1951ರ ಆಗಸ್ಟ್‌ನಲ್ಲಿ ಅದು ಮೇಲೇರಿತು. ಹತ್ತು ವರ್ಷದ ಹಿಂದೆ ಪರದೇಶದ ಬಿಡಿಭಾಗ ಜೋಡಿಸುತ್ತಿದ್ದ ಕಾರ್ಖಾನೆ, ಈಗ ತನ್ನದೇ ನಕ್ಷೆಯ ವಿಮಾನ ಹಾರಿಸಿತ್ತು. ಮುಂದೆ ಆಫ್ರಿಕಾದ ಘಾನಾ ದೇಶವೂ ಇದನ್ನು ಕೊಂಡಿತು.

1956ರಲ್ಲಿ ಹೆಸರಾಂತ ಜರ್ಮನ್ ವಿನ್ಯಾಸಕ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದರು. ಅವರ ಮುಂದಾಳ್ತನದಲ್ಲಿ ಮಾರುತ್ ಎಂಬ ಜೆಟ್ ಯುದ್ಧವಿಮಾನ ರೂಪುಗೊಂಡು, 1961ರ ಜೂನ್ 17ರಂದು ಹಾರಿತು. ಹಾರಿಸಿದವರು ಸುರಂಜನ್ ದಾಸ್. ಒಟ್ಟು 147 ಮಾರುತ್‌ಗಳು ತಯಾರಾದವು. 1971ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ ಹೋರಾಡಿದವು. 1970ರ ಜನವರಿಯಲ್ಲಿ ಇದೇ ವಿಮಾನವನ್ನು ಪರೀಕ್ಷಿಸುವಾಗ ಅಪಘಾತವಾಗಿ ದಾಸ್ ತೀರಿಕೊಂಡರು. ಎಚ್‌ಎಎಲ್ ಹತ್ತಿರದ ದೊಡ್ಡ ರಸ್ತೆಗೆ ಅವರ ಹೆಸರಿದೆ.

1964ರಲ್ಲಿ ಕಂಪನಿಯ ಹೆಸರು ‘ಹಿಂದೂಸ್ಥಾನ್ ಏರೋನಾಟಿಕ್ಸ್’ ಆಯಿತು. ಕಿರಣ್ ತರಬೇತಿ ಜೆಟ್, ಧ್ರುವ ಹೆಲಿಕಾಪ್ಟರ್, 2001ರ ಜನವರಿ 4ರಂದು ತೇಜಸ್, ಎಲ್ಲವೂ ಮೊದಲು ಹಾರಿದ್ದು ಬೆಂಗಳೂರಿನಲ್ಲೇ.

ಈಗ ನಿಮಗೊಂದು ಕೆಲಸ. ಊರಿಗೆ ಹೋದಾಗ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಲು ತಾತನಿಗೆ ಗಂಟುಬೀಳಿ. ಅಲ್ಲಿ ಎಚ್‌ಟಿ-2, ಮಾರುತ್ ಎರಡನ್ನೂ ಹತ್ತಿರದಿಂದ ನೋಡಬಹುದು. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಎಚ್‌ಎಎಲ್ ‘ಫ್ಯಾಕ್ಟರಿ’ಯಲ್ಲಿ ದುಡಿದವರು ಒಬ್ಬರಾದರೂ ಇರುತ್ತಾರೆ. ನಿಮ್ಮ ನೆಂಟರಲ್ಲಿ ಅಂಥವರಿದ್ದರೆ ಯಾವ ವಿಮಾನದ ಯಾವ ಭಾಗ ಅವರ ಕೈಯಿಂದ ಆಯಿತೆಂದು ಕೇಳಿ, ಬರೆದುಕೊಳ್ಳಿ. ನಮ್ಮ ಕನ್ನಡ ಕೂಟದ ಪತ್ರಿಕೆಯ ಮುಂದಿನ ಸಂಚಿಕೆಗೆ ಕಳಿಸಿ.