ಡ್ರಿಲ್ ಮಾಸ್ಟ್ರ ಹಳಗನ್ನಡ

ಮುದ್ದಣ ಅಂದ ಕೂಡಲೇ ಕನ್ನಡ ಪಠ್ಯ ನೆನಪಾಗಿ ಪುಟ ದಾಟಿಸುವವರು ನಮ್ಮಲ್ಲಿ ಸುಮಾರು ಜನ ಇದ್ದಾರೆ. ಸ್ವಲ್ಪ ನಿಲ್ಲಿ.

ನಿಜ ಹೆಸರು ಲಕ್ಷ್ಮೀನಾರಣಪ್ಪ. ಹುಟ್ಟಿದ್ದು 1870ರಲ್ಲಿ, ಕಾರ್ಕಳದ ಕಡೆಯ ನಂದಳಿಕೆಯಲ್ಲಿ. ನಮ್ಮ ನೆರಿಯದಿಂದ ಬೆಳಿಗ್ಗೆ ಹೊರಟು ಬೆಳ್ತಂಗಡಿ, ಕಾರ್ಕಳ ದಾಟಿದರೆ ಸಂಜೆಯೊಳಗೆ ನೋಡಿಕೊಂಡು ಬರಬಹುದು. ಮುದ್ದಣ ಎಂಬುದು ಮನೆಯಲ್ಲಿ ಮುದ್ದಿಗೆ ಕರೆದ ಹೆಸರು. ಬಡತನದಿಂದ ಓದು ಮುಂದುವರಿಯಲಿಲ್ಲ. ವ್ಯಾಯಾಮ ಕಲಿತು ಉಡುಪಿಯಲ್ಲಿ ಡ್ರಿಲ್ ಮಾಸ್ಟ್ರಾದರು. ರತ್ನಾವತಿ ಕಲ್ಯಾಣ, ಕುಮಾರ ವಿಜಯ ಎಂಬ ಯಕ್ಷಗಾನ ಪ್ರಸಂಗ ಬರೆದರು. ಆಮೇಲೆ ಹಳಗನ್ನಡ ಗದ್ಯದಲ್ಲಿ ಅದ್ಭುತ ರಾಮಾಯಣ. ಅದೇನು ಇವತ್ತಿನ ಫ್ಯಾಂಟಸಿಗೆ ಕಡಿಮೆಯಾ? ಸಾವಿರ ತಲೆಯ ರಾವಣ, ಅವನನ್ನು ಕೊಲ್ಲುವುದು ರಾಮನಲ್ಲ, ಸೀತೆ!

ಹಳಗನ್ನಡ ಕೃತಿಗಳನ್ನು ಮೈಸೂರಿಗೆ ಕಳಿಸುವಾಗ ತನ್ನವೆಂದು ಹೇಳಲಿಲ್ಲ, ಹಳೆಯ ಕಾವ್ಯ ಎಂದು ನಂಬಿಸಿದರು. ಡ್ರಿಲ್ ಮಾಸ್ಟ್ರು ಬರೆದದ್ದನ್ನು ಯಾರು ಓದುತ್ತಾರೆ ಎಂಬ ಅಳುಕು ಇದ್ದಿರಬೇಕು.

ಶ್ರೀರಾಮಾಶ್ವಮೇಧದಲ್ಲಿ ಗಂಡ ಮುದ್ದಣ ಕಥೆ ಹೇಳುತ್ತಾನೆ, ಹೆಂಡತಿ ಮನೋರಮೆ ಕೇಳುತ್ತಾಳೆ. ಕೇಳುತ್ತಾಳೆ ಅಂದರೆ ಸುಮ್ಮನೆ ಅಲ್ಲ. ಪದ್ಯ ಬೇಡ ಗದ್ಯ ಬೇಕು ಅನ್ನುತ್ತಾಳೆ, ಸಂಸ್ಕೃತ ಜಾಸ್ತಿಯಾದರೆ ಗೇಲಿ ಮಾಡುತ್ತಾಳೆ, ನಡುವೆ ತಡೆದು ತಕರಾರು ತೆಗೆಯುತ್ತಾಳೆ. ಅವಳಿಗೆ ಅವನು ರಮಣ, ಅವನಿಗೆ ಅವಳು ರಮಣಿ. ಆಗಿನ ನಮ್ಮ ಮನೆಗಳಲ್ಲಿ ಹೆಂಡತಿ ಗಂಡನ ಹೆಸರೆತ್ತುವ ಹಾಗಿರಲಿಲ್ಲ. ಇವರೇ, ಕೇಳಿದ್ರಾ, ಅಷ್ಟರಲ್ಲೇ ಮುಗಿಯಬೇಕು. ಹಳಗನ್ನಡ ಕಾವ್ಯದಲ್ಲಾದರೋ ರಾಜನಿಗೂ ಏಕವಚನ ನಡೆಯುತ್ತಿತ್ತು. ಹಳೆಯ ಭಾಷೆಯ ವೇಷ ತೊಡಿಸಿದ್ದೇ ತಡ, ಮನೋರಮೆಗೆ ಗಂಡನ ಸಮಕ್ಕೆ ಕೂರುವ ಜಾಗ ಸಿಕ್ಕಿತು. ಹಳೆಯ ಮಾತು ಅಂದರೆ ಬರೀ ಬಿಗುಮಾನ ಎಂದುಕೊಂಡು ಎಲವೋ, ಭಳಿರೇ ತುಂಬುವ ನಮ್ಮ ಕಥೆಗಾರರು ಇದನ್ನು ನೋಡಬೇಕು.

ಟೋಲ್ಕಿನ್‌ಗೂ ಈ ಗುಟ್ಟು ಗೊತ್ತಿತ್ತು. ಅವರ ಹಾಬಿಟ್‌ಗಳ ಆಡುಮಾತಲ್ಲಿ ಮರ್ಯಾದೆಯ ಸಂಬೋಧನೆ ಮರೆತೇ ಹೋಗಿತ್ತು. ಪಿಪ್ಪಿನ್ ರಾಜ್ಯ ಆಳುವ ಡೆನೆಥಾರ್‌ನನ್ನೇ ಸಲುಗೆಯಿಂದ ಮಾತಾಡಿಸಿದ್ದು ನೋಡಿ ಆಳುಗಳಿಗೆ ಬೆರಗು. ಇವನೂ ಯಾರೋ ದೊಡ್ಡ ಮನುಷ್ಯನೇ ಎಂದು ಊರಲ್ಲಿ ಸುದ್ದಿಯಾಯಿತಂತೆ. ಆ ಪುಸ್ತಕ ಪೂರ್ತಿ ಪ್ರಕಟವಾದದ್ದು 1955ರಲ್ಲಿ. ನಮ್ಮ ಮಾಸ್ಟ್ರು ಅದಕ್ಕಿಂತ ಅರ್ಧ ಶತಮಾನ ಮೊದಲಿನವರು.

1901ರ ಫೆಬ್ರವರಿಯಲ್ಲಿ ಕ್ಷಯ ಅವರನ್ನು ಕೊಂಡೊಯ್ದಿತು. ಆಗ ವಯಸ್ಸು ಬರೀ 31. ಹೆಂಡತಿ ಕಮಲಾ, ಒಬ್ಬ ಸಣ್ಣ ಮಗ. ಕೃತಿಗಳು ಅವರವೇ ಎಂದು ನಾಡಿಗೆ ಖಚಿತವಾದದ್ದು ಆಮೇಲೆ. ಹಳೆಯದೆಂದು ನಂಬಿಸಿದವರು ಕಥೆ ಹೇಳುವ ಗಂಡನಿಗೆ ಮಾತ್ರ ತನ್ನ ಮನೆಯ ಹೆಸರನ್ನೇ ಇಟ್ಟುಬಿಟ್ಟಿದ್ದರು.