ಬಳೆಗಾರರ ಮನೆಯ ಕವಿಚಕ್ರವರ್ತಿ ರನ್ನ

ರನ್ನ ಹುಟ್ಟಿದ್ದು ಕ್ರಿ.ಶ. 949ರಲ್ಲಿ, ಮುದುವೊಳಲಿನ (ಇಂದಿನ ಮುಧೋಳ) ಬಳೆಗಾರ ಜೈನ ಕುಟುಂಬದಲ್ಲಿ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ವಿದ್ಯೆಯ ಹಂಬಲದಿಂದ ಗಂಗರ ನಾಡಿಗೆ ಹೋದ ಹುಡುಗನನ್ನು ಅಜಿತಸೇನಾಚಾರ್ಯರು ಶಿಷ್ಯನನ್ನಾಗಿ ಸ್ವೀಕರಿಸಿದರು. ಗಂಗರ ಮಂತ್ರಿ ಚಾವುಂಡರಾಯನಿಗೂ ಅವರೇ ಗುರುಗಳು! ಬಳೆಗಾರರ ಮಗನಿಗೆ ಆ ಮಂತ್ರಿಯೇ ಆಶ್ರಯದಾತನಾದ. ಬಳಗಾನೂರಿನಂಥ ಊರುಗಳ ಶಾಲೆಯಲ್ಲಿರುವ ಪ್ರತಿಭಾವಂತ ಮಕ್ಕಳಿಗೆ ಇಂದು ಬೇಕಾದದ್ದೂ ಇವೇ: ಗುರುತಿಸುವ ಗುರು, ಓದಿನ ಖರ್ಚು ಹೊರುವ ಕೈ. ಅಂಕಪಟ್ಟಿಯೊಂದೇ ಸಾಲದು.

ಮುಂದೆ ರನ್ನ ಚಾಲುಕ್ಯರ ಆಸ್ಥಾನ ಸೇರಿ ಕವಿಚಕ್ರವರ್ತಿ ಎನಿಸಿಕೊಂಡ, ‘ಗದಾಯುದ್ಧ’ ಬರೆದ. ದಾನಚಿಂತಾಮಣಿ ಅತ್ತಿಮಬ್ಬೆಯ ಪ್ರೋತ್ಸಾಹದಿಂದ 993ರಲ್ಲಿ ‘ಅಜಿತಪುರಾಣ’ ರಚಿಸಿದ.

ನೆರವಾದವರನ್ನು ಅವನು ಮರೆಯಲಿಲ್ಲ. ಮಗನಿಗೆ ರಾಯ, ಮಗಳಿಗೆ ಅತ್ತಿಮಬ್ಬೆ ಎಂದು ಹೆಸರಿಟ್ಟ.