ಶ್ರೀ ಜಗನ್ನಾಥದಾಸರು: ವ್ಯಾಧಿಯ ದಾರಿಯಲ್ಲಿ ದೊರೆತ ಅಮೃತ

ಭಾದ್ರಪದ ಶುದ್ಧ ನವಮಿಯು ಹರಿದಾಸ ಸಾಹಿತ್ಯದ ಅಭಿಮಾನಿಗಳಿಗೆಲ್ಲ ಪುಣ್ಯದಿನ. ಶುಕ್ಲ ಸಂವತ್ಸರದ, ಎಂದರೆ ಕ್ರಿ.ಶ. 1809ರ ಆ ತಿಥಿಯಂದು ಶ್ರೀ ಜಗನ್ನಾಥದಾಸರು ಮಾನ್ವಿಯಲ್ಲಿ ಹರಿಪಾದವನ್ನು ಸೇರಿದರು. ಅಂದಿನಿಂದ ಇಂದಿನವರೆಗೆ ಪ್ರತಿವರ್ಷವೂ ಆರಾಧನೆಯ ದಿನಗಳಲ್ಲಿ ಮಠ ಮಂದಿರಗಳಲ್ಲಿ ಹರಿಕಥಾಮೃತಸಾರದ ಪಾರಾಯಣ, ಪ್ರವಚನ, ಭಜನೆ, ತೀರ್ಥಪ್ರಸಾದಗಳು ನಡೆದುಬರುತ್ತಿವೆ. ಆ ಗ್ರಂಥದಲ್ಲಿ ಅಡಗಿರುವ ತತ್ತ್ವಗಳನ್ನು ವಿದ್ವಾಂಸರ ಮುಖದಿಂದ ನಾವು ಅನೇಕ ಬಾರಿ ಕೇಳಿದ್ದೇವೆ. ಆದರೆ ಆ ಗ್ರಂಥವನ್ನು ರಚಿಸಿದ ಮಹಾನುಭಾವರು ಒಂದು ಕಾಲದಲ್ಲಿ ತುತ್ತು ಅನ್ನವನ್ನೂ ಜೀರ್ಣಿಸಿಕೊಳ್ಳಲಾರದ ದೀರ್ಘರೋಗಿಯಾಗಿದ್ದರು ಎಂಬುದನ್ನು ನಾವು ನೆನೆಯುವುದು ಕಡಿಮೆ. ಈ ಸಲ ಅವರ ಜೀವಿತದ ಆ ಭಾಗವನ್ನೇ ಸ್ವಲ್ಪ ನಿಧಾನವಾಗಿ ಅವಲೋಕಿಸೋಣ ಎಂದು ನಮ್ಮ ಅಪೇಕ್ಷೆ.

ಇದಕ್ಕೆ ಕಾರಣವಿದೆ. ಉತ್ಸವದ ದಿನ ದೇವಸ್ಥಾನದ ಪ್ರಾಕಾರವು ಭಕ್ತರಿಂದ ತುಂಬಿರುವಾಗ, ಬರಲಾರದೆ ಮನೆಯಲ್ಲಿಯೇ ಉಳಿದವರು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಕೀಲುಗಳು ಬಿಗಿದು ಪ್ರದಕ್ಷಿಣೆ ಮಾಡಲಾರದವರು, ಶ್ವಾಸರೋಗದಿಂದ ಮೆಟ್ಟಿಲು ಹತ್ತಲಾರದವರು, ವರ್ಷಗಟ್ಟಲೆ ಹಾಸಿಗೆ ಹಿಡಿದವರು ಯಾವ ಊರಿನಲ್ಲಿ ಇಲ್ಲ? ಏಕಾದಶಿಯ ಉಪವಾಸ ಕೂಡದು ಎಂದು ವೈದ್ಯರು ಹೇಳಿದ್ದಕ್ಕೆ ಒಳಗೊಳಗೇ ಕೊರಗುವ ಹಿರಿಯರು ಎಷ್ಟು ಮನೆಗಳಲ್ಲಿಲ್ಲ? ತಮ್ಮಿಂದ ಇನ್ನು ಯಾವ ಸಾಧನೆಯೂ ಸಾಗದೆಂದು ಅಂಥವರು ನಿರಾಶರಾಗುತ್ತಾರೆ. ಅವರಿಗೆ ಹೇಳಬಹುದಾದ ಮಾತು ದಾಸರಾಯರ ಚರಿತ್ರೆಯಲ್ಲಿ ಇದೆ ಎಂದು ನಾವು ನಂಬುತ್ತೇವೆ.

ರಾಯಚೂರು ಜಿಲ್ಲೆಯ ಮಾನ್ವಿಯ ಸಮೀಪದ ಬ್ಯಾಗವಾಟ ಗ್ರಾಮದಲ್ಲಿ ಕೀಲಕ ಸಂವತ್ಸರದಲ್ಲಿ, ಕ್ರಿ.ಶ. 1728ರಲ್ಲಿ, ಅವರ ಜನನವಾಯಿತು. ತಂದೆ ನರಸಿಂಹದಾಸರು ಊರಿನ ಲೆಕ್ಕಪತ್ರಗಳನ್ನು ನೋಡಿಕೊಳ್ಳುತ್ತಿದ್ದ ಹರಿಭಕ್ತರು. ಮಗುವಿಗೆ ಶ್ರೀನಿವಾಸನೆಂದು ಹೆಸರಿಟ್ಟರು. ಬುದ್ಧಿ ಬಹಳ ಚುರುಕು. ಮಂತ್ರಾಲಯ ಶ್ರೀ ರಾಘವೇಂದ್ರಸ್ವಾಮಿಗಳವರ ಮಠದ ಪರಂಪರೆಯ ಶ್ರೀ ವರದೇಂದ್ರತೀರ್ಥರಲ್ಲಿ ಶಾಸ್ತ್ರಾಧ್ಯಯನ ಮಾಡಿದರೆಂದು ಸಂಪ್ರದಾಯವು ಹೇಳುತ್ತದೆ. ವ್ಯಾಕರಣ, ನ್ಯಾಯ, ವೇದಾಂತಗಳಲ್ಲಿ ಪರಿಶ್ರಮ ಪಡೆದು, ಶಿಷ್ಯರಿಗೆ ಪಾಠ ಹೇಳುತ್ತಾ, ಶ್ರೀನಿವಾಸಾಚಾರ್ಯರು ಆ ಪ್ರಾಂತದಲ್ಲೆಲ್ಲ ಪ್ರಸಿದ್ಧರಾದರು. ವಿದ್ಯೆಯೊಂದಿಗೆ ವಿದ್ಯಾಮದವೂ ಸ್ವಲ್ಪ ಬೆಳೆಯಿತು. ಸಂಸ್ಕೃತದಲ್ಲಿರುವ ಶಾಸ್ತ್ರವನ್ನು ಕನ್ನಡದ ಪದಗಳಲ್ಲಿ ಹಾಡುತ್ತಾ, ಗೆಜ್ಜೆ ಕಟ್ಟಿ ತಂಬೂರಿ ಹಿಡಿದು ಮನೆಮನೆಗೆ ಹೋಗುವ ದಾಸರನ್ನು ಅವರು ಆದರದಿಂದ ಕಾಣಲಿಲ್ಲ.

ಆ ಕಾಲದಲ್ಲಿ ದಾಸಕೂಟಕ್ಕೆ ಶ್ರೀ ವಿಜಯದಾಸರೇ ಹಿರಿಯರು. ಅವರು ಶಿಷ್ಯರೊಡನೆ ಬಂದಿದ್ದಾಗ ಆಚಾರ್ಯರನ್ನು ತೀರ್ಥಪ್ರಸಾದಕ್ಕೆ ಆಹ್ವಾನಿಸಿದರೆಂದೂ, ಆಚಾರ್ಯರು ಹೊಟ್ಟೆನೋವಿನ ನೆಪ ಹೇಳಿ ಹೋಗದೆ ಉಳಿದರೆಂದೂ, ಆ ನೆಪವೇ ಅನಂತರ ನಿಜವಾಯಿತೆಂದೂ ಪ್ರಚಲಿತವಾದ ಕಥೆ ನಮಗೆಲ್ಲ ತಿಳಿದಿದೆ. ರೋಗವನ್ನು ಕೆಲವರು ಉದರಶೂಲೆ ಎನ್ನುತ್ತಾರೆ, ಕೆಲವರು ಕ್ಷಯವೆನ್ನುತ್ತಾರೆ. ಹೆಸರು ಏನೇ ಇರಲಿ, ಉಂಡದ್ದು ನಿಲ್ಲದು, ಉಣ್ಣದಿದ್ದರೆ ತ್ರಾಣವಿರದು, ರಾತ್ರಿ ನಿದ್ರೆ ಬಾರದು ಎಂಬ ಸ್ಥಿತಿ. ಸಭೆಗಳಲ್ಲಿ ವಾಕ್ಯಾರ್ಥ ಮಾಡುತ್ತಿದ್ದ ವಿದ್ವಾಂಸರಿಗೆ ಪಾಠದ ಮಣೆಯ ಮೇಲೆ ಕುಳಿತುಕೊಳ್ಳುವುದೂ ಕಷ್ಟವಾಯಿತು. ಔಷಧೋಪಚಾರಗಳು ಫಲಿಸಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಈ ಕಥೆಯನ್ನು ಕೇಳಿದವರು, ರೋಗ ಬಂದವರೆಲ್ಲ ಯಾವುದೋ ಅಪರಾಧ ಮಾಡಿದವರೇ ಎಂದು ತಿಳಿಯುವ ಸಂಭವವಿದೆ. ನೊಂದವರ ಎದುರಿನಲ್ಲಿ ಕರ್ಮಫಲದ ಮಾತೆತ್ತಿ ಅವರ ನೋವಿನ ಮೇಲೆ ಬರೆ ಎಳೆಯುವವರನ್ನು ನಾವು ಕಂಡಿದ್ದೇವೆ. ಅದು ಶಾಸ್ತ್ರಜ್ಞಾನವೂ ಅಲ್ಲ, ದಯೆಯೂ ಅಲ್ಲ. ಯಾವ ಜೀವಿಯ ಯಾವ ಕರ್ಮವು ಯಾವಾಗ ಫಲಿಸುತ್ತದೆಂಬುದನ್ನು ಶ್ರೀಹರಿಯೊಬ್ಬನೇ ಬಲ್ಲ. ತಿರಸ್ಕಾರಕ್ಕೆ ಗುರಿಯಾದ ವಿಜಯದಾಸರೇ ಮುಂದೆ ಹೇಗೆ ನಡೆದುಕೊಂಡರು ಎಂಬುದನ್ನು ಗಮನಿಸಿದರೆ ಈ ಕಥೆಯ ನಿಜವಾದ ತಾತ್ಪರ್ಯ ಹೊಳೆಯುತ್ತದೆ.

ಆಚಾರ್ಯರು ಕೈಕಟ್ಟಿ ಕೂರಲಿಲ್ಲ. ಕೃಶವಾದ ದೇಹವನ್ನು ಹೊತ್ತು ಕ್ಷೇತ್ರಗಳಿಗೆ ಹೋಗಿ ಸೇವೆ ಮಾಡಿದರು. ಘಟಿಕಾಚಲದ ಪ್ರಾಣದೇವರ ಸನ್ನಿಧಿಯನ್ನು ಕೆಲವರು, ಮಂತ್ರಾಲಯದ ರಾಯರ ಬೃಂದಾವನವನ್ನು ಕೆಲವರು ಹೆಸರಿಸುತ್ತಾರೆ. ಅಲ್ಲಿ ಸ್ವಪ್ನದಲ್ಲಿ ದೊರೆತ ಸೂಚನೆಯಾದರೂ ಏನು? ತಾವು ಯಾರನ್ನು ಅಲ್ಪರೆಂದು ಬಗೆದಿದ್ದರೋ ಆ ವಿಜಯದಾಸರ ಬಳಿಗೇ ಹೋಗಬೇಕೆಂಬುದು. ರೋಗಿಗೆ ಎಲ್ಲಕ್ಕಿಂತ ಕಷ್ಟವಾದ ಕೆಲಸ ಇನ್ನೊಬ್ಬರ ಸಹಾಯವನ್ನು ಕೇಳುವುದು. ಅದರಲ್ಲಿಯೂ ವಿದ್ವಾಂಸರಾಗಿ, ನಾಲ್ಕು ಜನರಿಂದ ನಮಸ್ಕರಿಸಿಕೊಂಡವರಿಗೆ ಅದು ಇನ್ನೂ ಕಷ್ಟ. ಆಚಾರ್ಯರು ಆ ಸಂಕೋಚವನ್ನು ದಾಟಿ ದಾಸರ ಬಳಿಗೆ ಹೋಗಿ ಶರಣಾದರು. ದಾಸರು ಹಳೆಯದನ್ನು ಎತ್ತಿ ಆಡಲಿಲ್ಲ. ಪ್ರೀತಿಯಿಂದ ಬರಮಾಡಿಕೊಂಡು, ಉತ್ತನೂರಿನಲ್ಲಿದ್ದ ತಮ್ಮ ಶಿಷ್ಯ ಶ್ರೀ ಗೋಪಾಲದಾಸರ ಬಳಿಗೆ ಕಳುಹಿಸಿದರು.

ಗೋಪಾಲದಾಸರು ಮೊಸರಕಲ್ಲಿನವರು, ಗಣಪತಿಯ ಅಂಶಸಂಭೂತರೆಂದು ಪ್ರಖ್ಯಾತರು. ವಿದ್ಯೆಯ ಆಡಂಬರವಿಲ್ಲದ, ಬಡತನವನ್ನು ಉಂಡು ಬೆಳೆದ ಜೀವ. ಬಂದ ರೋಗಿಯನ್ನು ಮನೆಯಲ್ಲಿಟ್ಟುಕೊಂಡು ಉಪಚರಿಸಿದರು. ಧನ್ವಂತರಿಯನ್ನು ಪ್ರಾರ್ಥಿಸಿ, ಅಭಿಮಂತ್ರಿಸಿದ ಜೋಳದ ರೊಟ್ಟಿಯನ್ನು ಉಣಬಡಿಸಿದರು. ಮೆತ್ತನೆಯ ಅನ್ನವೇ ಒಗ್ಗದಿದ್ದ ಹೊಟ್ಟೆಗೆ ರೊಟ್ಟಿ ಒಗ್ಗಿತು. ಗುರುಗಳ ಅಪ್ಪಣೆಯಂತೆ ತಮ್ಮ ಆಯುಸ್ಸಿನಲ್ಲಿ 40 ವರ್ಷಗಳನ್ನು ಆಚಾರ್ಯರಿಗೆ ಧಾರೆಯೆರೆದು ಕೊಟ್ಟರು ಎಂದು ದಾಸ ಪರಂಪರೆಯು ಇಂದಿಗೂ ಕಣ್ಣೀರು ತುಂಬಿ ಸ್ಮರಿಸುತ್ತದೆ. ವಿಜಯದಾಸರು 1755ರಲ್ಲಿ ಪರಂಧಾಮಕ್ಕೆ ತೆರಳಿದರು. ಗೋಪಾಲದಾಸರು 1762ರಲ್ಲಿ, ಸುಮಾರು 40ರ ವಯಸ್ಸಿನಲ್ಲಿಯೇ ಕಣ್ಮರೆಯಾದರು. ಬದುಕುವುದೇ ಸಂದೇಹವೆನಿಸಿದ್ದ ಶ್ರೀನಿವಾಸಾಚಾರ್ಯರಾದರೋ 81 ವರ್ಷಗಳ ತುಂಬು ಬಾಳು ಬಾಳಿದರು.

ಚೇತರಿಸಿಕೊಂಡ ಆಚಾರ್ಯರು ದಾಸದೀಕ್ಷೆಯನ್ನು ಬಯಸಿ ಪಂಢರಾಪುರಕ್ಕೆ ಹೋದರು. ಚಂದ್ರಭಾಗೆಯಲ್ಲಿ ಮುಳುಗಿ ಎದ್ದಾಗ ಜಗನ್ನಾಥವಿಠಲ ಎಂಬ ಅಂಕಿತವಿದ್ದ ಶಿಲೆಯು ಅವರಿಗೆ ದೊರೆಯಿತೆಂಬುದು ಪ್ರಸಿದ್ಧ. ಅಂದಿನಿಂದ ಶ್ರೀನಿವಾಸಾಚಾರ್ಯರು ಜಗನ್ನಾಥದಾಸರಾದರು. ಯಾವ ಕನ್ನಡವನ್ನು ಕೀಳೆಂದು ಭಾವಿಸಿದ್ದರೋ ಆ ಕನ್ನಡದಲ್ಲಿಯೇ ಕೀರ್ತನೆ, ಉಗಾಭೋಗ, ಸುಳಾದಿಗಳನ್ನೂ, ತ್ರಿಪದಿಗಳಲ್ಲಿ ತತ್ತ್ವಸುವ್ವಾಲಿಯನ್ನೂ, ಭಾಮಿನೀ ಷಟ್ಪದಿಯಲ್ಲಿ 32 ಸಂಧಿಗಳ ಹರಿಕಥಾಮೃತಸಾರವನ್ನೂ ರಚಿಸಿದರು. ಸಂಸ್ಕೃತ ಬಾರದ ಗೃಹಿಣಿಯರಿಗೂ ಮಧ್ವಶಾಸ್ತ್ರದ ಸಾರವು ಹಾಡಿನ ರೂಪದಲ್ಲಿ ಅಡುಗೆಮನೆಗೇ ಬಂದು ಮುಟ್ಟಿತು. ಪ್ರಾಣೇಶದಾಸರು, ಶ್ರೀದವಿಠಲಾಂಕಿತ ಕರ್ಜಗಿ ದಾಸಪ್ಪನವರು ಮೊದಲಾದ ಶಿಷ್ಯರು ಆ ಪರಂಪರೆಯನ್ನು ಮುಂದುವರಿಸಿದರು. ಪಡೆದ ಆಯುಸ್ಸನ್ನು ಅವರು ವಿನಿಯೋಗಿಸಿದ ಬಗೆ ಇದು.

ಆ ಮಹಾಗ್ರಂಥವನ್ನು ರೋಗಿಯ ಕಣ್ಣಿನಿಂದ ಒಮ್ಮೆ ನೋಡಬೇಕೆಂದು ವಾಚಕರಲ್ಲಿ ನಮ್ಮ ವಿಜ್ಞಾಪನೆ. ವರ್ಷಗಟ್ಟಲೆ ಊಟವೇ ವೈರಿಯಾಗಿದ್ದವರು ಭೋಜನವನ್ನೇ ವಿಷಯವಾಗಿಸಿ ಒಂದು ಇಡೀ ಸಂಧಿಯನ್ನು ಬರೆದಿದ್ದಾರೆ. ಷಡ್ರಸಗಳಲ್ಲಿ, ಬಡಿಸಿದ ಒಂದೊಂದು ಪದಾರ್ಥದಲ್ಲಿ ಭಗವಂತನ ರೂಪಗಳನ್ನು ಚಿಂತಿಸಿ ಉಂಡರೆ ಊಟವೇ ಯಜ್ಞವಾಗುತ್ತದೆಂದು ಅಲ್ಲಿ ತೋರಿಸಿದ್ದಾರೆ. ವೈಶ್ವಾನರನಾಗಿ ಜಠರದಲ್ಲಿದ್ದು ಅನ್ನವನ್ನು ಪಚನ ಮಾಡುವವನು ತಾನೇ ಎಂದು ಗೀತೆಯಲ್ಲಿ ಶ್ರೀಕೃಷ್ಣನು ತಿಳಿಸಿದ್ದಾನಷ್ಟೆ. ನೋವಿನ ನೆಲೆಯಾಗಿದ್ದ ಆ ಜಠರವೇ ದಾಸರಿಗೆ ಶ್ರೀಹರಿಯ ಯಜ್ಞಶಾಲೆಯಾಗಿ ಕಂಡಿತು.

ಹಾಗೆಯೇ ನಾಡೀಪ್ರಕರಣದಲ್ಲಿ ದೇಹದ 72,000 ನಾಡಿಗಳಲ್ಲಿ ಭಗವದ್ರೂಪಗಳ ಸನ್ನಿಧಾನವನ್ನು ಹೇಳಿದ್ದಾರೆ. ಶ್ವಾಸಸಂಧಿಯಲ್ಲಿ ಒಂದು ಅಹೋರಾತ್ರಿಗೆ 21,600 ಶ್ವಾಸಗಳಂತೆ ವಾಯುದೇವರು ಜೀವಿಯ ಒಳಗಿದ್ದು ನಡೆಸುವ ಹಂಸಮಂತ್ರಜಪವನ್ನು ತಿಳಿಸಿದ್ದಾರೆ. ಲೆಕ್ಕ ಹಾಕಿದರೆ ಇದು ನಿಮಿಷಕ್ಕೆ 15 ಉಸಿರಾಗುತ್ತದೆ. ಸ್ವಸ್ಥನಾದ ಮನುಷ್ಯನು ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾನೆಂದು ಇಂದಿನ ವೈದ್ಯರೂ ಹೇಳುತ್ತಾರೆ. ಮಾಲೆ ಹಿಡಿಯಲು ಬೆರಳು ಮಡಿಸಲಾರದವನಿಗೆ ಇದಕ್ಕಿಂತ ಸಮಾಧಾನದ ಮಾತು ಯಾವುದಿದೆ? ಅವನ ಪರವಾಗಿ ಮುಖ್ಯಪ್ರಾಣನೇ ಜಪ ಮಾಡುತ್ತಿದ್ದಾನೆ. ಅದನ್ನು ಅರಿತು ಸಮರ್ಪಿಸುವುದಷ್ಟೇ ಅವನ ಕೆಲಸ. ರೋಗದಿಂದ ಜರ್ಜರಿತವಾದರೂ ದೇಹವು ಹೇಯವಲ್ಲ, ಅದು ಹರಿಯ ಮಂದಿರ. ಗೋಡೆ ಬಿರುಕು ಬಿಟ್ಟಿತೆಂದು ಒಳಗಿನ ದೇವರು ಗುಡಿಯನ್ನು ಬಿಟ್ಟು ಹೋಗುವುದಿಲ್ಲ.

ಮಂಗಳಾಚರಣೆಯಾದೊಡನೆ ದಾಸರು ಆರಿಸಿಕೊಂಡ ವಿಷಯ ಭಗವಂತನ ಕರುಣೆ. ಆ ಕರುಣಾಸಂಧಿಯ ಆರಂಭದಲ್ಲಿಯೇ, ಆದರದಿಂದ ಹಾಡುವವನು ಹಾಸಿಗೆಯಲ್ಲಿ ಒರಗಿಕೊಂಡಿದ್ದರೂ ಸ್ವಾಮಿಯು ಬಂದು ಕುಳಿತು ಆಲಿಸುತ್ತಾನೆಂಬ ಅಭಿಪ್ರಾಯ ಬಂದಿದೆ. ಕುಳಿತವನ ಮಾತೂ, ನಿಂತವನ ಮಾತೂ ಅದರ ಅನಂತರವೇ. ನಿಂತು ಕುಣಿಯಬಲ್ಲ ಭಕ್ತನಿಗಿಂತ ಮೊದಲು ಮಲಗಿರುವವನನ್ನು ನೆನೆದ ಈ ಕ್ರಮವನ್ನು ಓದುವಾಗಲೆಲ್ಲ, ಮಾನ್ವಿಯ ಮನೆಯಲ್ಲಿ ನಿದ್ರೆಯಿಲ್ಲದೆ ಹೊರಳಿದ ರಾತ್ರಿಗಳನ್ನು ದಾಸರು ಮರೆಯಲಿಲ್ಲವೆಂದೇ ನಮಗೆ ತೋರುತ್ತದೆ.

ಎಲ್ಲ ರೋಗಿಗಳಿಗೂ ಗೋಪಾಲದಾಸರು ದೊರೆಯುವುದಿಲ್ಲವಲ್ಲ, ಎಲ್ಲ ವ್ಯಾಧಿಗಳೂ ವಾಸಿಯಾಗುವುದಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ನಿಜ. ಅಂಥ ಸುಳ್ಳು ಭರವಸೆಯನ್ನು ನಾವು ಕೊಡಲಾರೆವು. ವೈದ್ಯರು ಹೇಳಿದ ಔಷಧವನ್ನು ತಪ್ಪದೆ ಸೇವಿಸಬೇಕು. ಔಷಧವೂ ವೈದ್ಯನೂ ಶ್ರೀಹರಿಯೇ ಎಂಬರ್ಥದ ನಾಮಗಳು ವಿಷ್ಣುಸಹಸ್ರನಾಮದಲ್ಲಿಯೇ ಇವೆ. ವಿಜಯದಾಸರ ಧನ್ವಂತರಿ ಸುಳಾದಿಯನ್ನು ಮನೆಗಳಲ್ಲಿ ಹಾಡುವುದು ಔಷಧವನ್ನು ಬಿಡುವುದಕ್ಕಾಗಿ ಅಲ್ಲ. ವಾಸಿಯಾಗದೆ ಉಳಿದ ನೋವಿನ ನಡುವೆಯೂ ನಮ್ಮ ಕೈಯಲ್ಲಿ ಅವನು ಬಿಟ್ಟಿರುವ ಅಲ್ಪಸ್ವಲ್ಪವಿದೆ. ದತ್ತಸ್ವಾತಂತ್ರ್ಯವೆಂಬ ಹೆಸರಿನ ಸಂಧಿಯೇ ಗ್ರಂಥದಲ್ಲಿದೆ. ನಡೆಯಲಾರದವನು ಕೇಳಬಹುದು, ಕೇಳಲಾರದವನು ನೆನೆಯಬಹುದು. ಅಷ್ಟನ್ನು ಸಮರ್ಪಿಸಿದರೂ ಅದು ಪೂರ್ಣಸಾಧನೆಯೇ.

ಇನ್ನು ಆರೋಗ್ಯವಂತರಾದ ನಮಗೂ ಇಲ್ಲಿ ಕರ್ತವ್ಯವಿದೆ. 40 ವರ್ಷಗಳ ಆಯುರ್ದಾನ ಮಾಡುವ ತಪಸ್ಸು ನಮ್ಮಲ್ಲಿಲ್ಲ. ಆದರೆ ವಾರಕ್ಕೆ ಒಂದು ಗಂಟೆಯ ಕಾಲವನ್ನು ರೋಗಿಯ ಮಂಚದ ಪಕ್ಕದಲ್ಲಿ ಕಳೆಯಬಲ್ಲೆವು. ಅದೂ ನಮ್ಮ ಆಯುಸ್ಸಿನ ಭಾಗವೇ ಅಲ್ಲವೆ? ಉಪದೇಶ ಬೇಡ, ವಿಚಾರಣೆ ಬೇಡ. ಒಂದು ಸಂಧಿಯನ್ನು ಓದಿ, ತೀರ್ಥಪ್ರಸಾದವನ್ನು ತಲುಪಿಸಿ, ಅವರು ಹೇಳುವುದನ್ನು ಕೇಳಿ ಬಂದರೆ ಸಾಕು. ವಿಜಯದಾಸರು ತೋರಿದ ಕ್ಷಮೆ, ಗೋಪಾಲದಾಸರು ಮಾಡಿದ ತ್ಯಾಗಗಳ ಒಂದು ಕಣವಾದರೂ ನಮ್ಮಿಂದ ಆಚರಣೆಗೆ ಬಂದಂತಾಗುತ್ತದೆ.

ಮಾನ್ವಿಯಲ್ಲಿ ದಾಸರಾಯರ ಮನೆಯ ಕಂಬವನ್ನು ಇಂದಿಗೂ ಭಕ್ತರು ಪೂಜಿಸುತ್ತಾರೆ. ಅವರ ಸನ್ನಿಧಾನವು ಆ ಕಂಬದಲ್ಲಿದೆಯೆಂದು ನಂಬಿಕೆ. ಒಮ್ಮೆ ಎದ್ದು ನಿಲ್ಲಲೂ ತ್ರಾಣವಿಲ್ಲದಿದ್ದವರು ಇಂದು ಕಂಬವಾಗಿ ನಿಂತು ಸಾವಿರಾರು ನೊಂದ ಜೀವಗಳಿಗೆ ಆಸರೆಯಾಗಿದ್ದಾರೆ. ಈ ಆರಾಧನೆಯಂದು ನಮ್ಮ ಮೊದಲ ಪ್ರಾರ್ಥನೆಯು ದೇವಸ್ಥಾನಕ್ಕೆ ಬರಲಾರದೆ ಮನೆಯಲ್ಲಿ ಮಲಗಿರುವವರಿಗಾಗಿ ಸಲ್ಲಲಿ.

ಶ್ರೀಕೃಷ್ಣಾರ್ಪಣಮಸ್ತು.